ಪದ ಬೇಕು: ಬೇರುಹುಳ ಕೊಲ್ಲುವ ನೆಮಟೋಡ್‌ಗೆ ಏನನ್ನೋಣ?

(ಪುತ್ತೂರಿನಿಂದ)
ಎಲ್ಲರಿಗೂ ನಮಸ್ಕಾರ. ಶನಿವಾರ ನಮ್ಮಲ್ಲಿ ಅಡಿಕೆ ಬೆಳೆಗಾರರ ಸಭೆ ಇದೆ. ಅಡಿಕೆಯ ಬೇರುಹುಳಕ್ಕೆ ವಿಷದ ಬದಲು ನೆಮಟೋಡ್ ಎಂಬ ಮಣ್ಣಿನ ಸಣ್ಣ ಹುಳ ಹಾಕುವ ವಿಷಯ. ಬೋರ್ಡಿನ ಒಕ್ಕಣೆಯನ್ನು ನಾಳೆ ಸಂಜೆಯೊಳಗೆ ಪೇಂಟರ್‌ಗೆ ಕೊಡಬೇಕು. ನನ್ನ ಹತ್ತಿರ ಇರುವ ಹಾಳೆಯಲ್ಲಿ ‘ಕೀಟರೋಗಕಾರಕ ಜಂತುಹುಳು’ ಅಂತಿದೆ. ಅದನ್ನು ಬರೆಸಲು ಮನಸ್ಸಿಲ್ಲ. ನಮ್ಮಲ್ಲಿ ಅಡಿಕೆ ಮರಕ್ಕೇ ಕರಿಮೆಣಸು ಹಬ್ಬಿಸುತ್ತೇವೆ. ಮೆಣಸಿನ ನಿಧಾನ ಸೊರಗು ರೋಗ ತರುವುದೂ ಜಂತುಹುಳುವೇ. ‘ಜಂತುಹುಳು ತಂದು ಬುಡಕ್ಕೆ ಹಾಕಿ’ ಅಂದರೆ ಯಾರು ಹಾಕುತ್ತಾರೆ? ಬೇರೆ ಪದ ಇದ್ದರೆ ಬೇಗ ಹೇಳಿ.

(ಧಾರವಾಡದಿಂದ)
‘ಜಂತುಹುಳು’ ಅರಿಸಮಾಸ. ಮೊದಲು ಅದನ್ನು ಬಿಡಿ. ‘ಗೊಣ್ಣೆಗೊಲ್ಲಿ’ ಅನ್ನಿ. ನಮ್ಮ ಕಡೆ ಕಬ್ಬಿನ ಬೇರು ತಿನ್ನುವ ಈ ಹುಳಕ್ಕೆ ಗೊಣ್ಣೆಹುಳ ಅಂತಲೇ ಹೆಸರು. ಗೊಣ್ಣೆ ಅಂದರೆ ಸಿಂಬಳ. ಬೆಳ್ಳಗೆ, ಮೆತ್ತಗೆ ಇರುವುದರಿಂದ ಆ ಹೆಸರು ಬಂದಿದೆ. ಅಚ್ಚಗನ್ನಡ ಪದ ಕೈಯಲ್ಲೇ ಇರುವಾಗ ಹುಡುಕಾಟ ಯಾಕೆ?

(ಮೈಸೂರಿನಿಂದ)
ಬಣ್ಣ ನೋಡಿ ಬಂದ ಹೆಸರು ಅನ್ನುವುದಕ್ಕೆ ಆಧಾರ ಕೊಡಿ. ಇನ್ನು ‘ಗೊಲ್ಲಿ’ ಅಂದರೆ ಯಾರಿಗೂ ಕೊಲ್ಲುವುದು ನೆನಪಾಗುವುದಿಲ್ಲ. ಆದೇಶ ಸಂಧಿ ಮಾಡಲೇಬೇಕು ಅಂತ ಕಟ್ಟಳೆ ಇಲ್ಲ. ಬೋರ್ಡಿಗೆ ಇದು ಆಗದು.

(ಸುಳ್ಯದಿಂದ)
ಪದಕ್ಕಿಂತ ಮುಂಚೆ ಅದು ಮಾಡುವ ಕೆಲಸ ನೋಡೋಣ. ಈ ನೆಮಟೋಡ್ ಒಂದು ಮಿಲಿಮೀಟರ್‌ಗಿಂತ ಸಣ್ಣದು. ಮಣ್ಣಿನ ತೇವದಲ್ಲಿ ಹರಿದು ಹೋಗಿ ಬೇರುಹುಳದ ಒಳಗೆ ಹೊಕ್ಕುತ್ತದೆ. ತನ್ನ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾವನ್ನು ಅಲ್ಲಿ ಬಿಡುತ್ತದೆ. ಒಂದೆರಡು ದಿನದಲ್ಲಿ ಹುಳ ಸಾಯುತ್ತದೆ. ಬುಡ ಅಗೆದು ನೋಡಿದರೆ ಬಿಳಿ ಹುಳ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಕೊಳೆತ ವಾಸನೆ ಇರುವುದಿಲ್ಲ. ಆಮೇಲೆ ಆ ಹೆಣದಿಂದಲೇ ಸಾವಿರಾರು ಮರಿ ನೆಮಟೋಡ್ ಹೊರಗೆ ಬಂದು ಮುಂದಿನ ಹುಳ ಹುಡುಕುತ್ತವೆ. ಗಿಡದ ಬೇರನ್ನು ಇವು ಮುಟ್ಟುವುದೇ ಇಲ್ಲ. ಬೋರ್ಡಿನ ಪದ ಹೇಳಬೇಕಾದ್ದು ಇದನ್ನೇ, ಅಲ್ವಾ?

ನಾನು ‘ಬೇರುಹುಳ ಕೊಲ್ಲುವ ಸೂಕ್ಷ್ಮಹುಳ’ ಅನ್ನುತ್ತೇನೆ. ಉದ್ದ ಆಯಿತು, ಆಗಲಿ. ಒಂದೇ ಪದದಲ್ಲಿ ಎಲ್ಲ ತುರುಕಲು ಹೋದಾಗಲೇ ‘ಕೀಟರೋಗಕಾರಕ’ ಹುಟ್ಟುವುದು. ‘ಜೈವಿಕ ಔಷಧಿ’ ಅಂತ ಮಾತ್ರ ಬರೆಸಬೇಡಿ. ಔಷಧಿ ಅಂದರೆ ಜನ ಉರಿಬಿಸಿಲಲ್ಲೂ ಹೊಯ್ಯುತ್ತಾರೆ, ಒಣನೆಲಕ್ಕೂ ಹೊಯ್ಯುತ್ತಾರೆ. ಬಿಸಿಲು ತಾಗಿದರೆ ಇವು ಸತ್ತೇಹೋಗುತ್ತವೆ. ಸಂಜೆ, ನೆಲ ಹಸಿ ಇರುವಾಗಲೇ ಹಾಕಬೇಕು. ಜೀವ ಇರುವ ವಸ್ತು ಅಂತ ಹೆಸರಿನಲ್ಲೇ ಗೊತ್ತಾಗಬೇಕು.

ಇನ್ನೊಂದು. ‘ಗೊಬ್ಬರದ ಹುಳ’ ಅಂತಲೂ ಬರೆಸಬೇಡಿ. ಗೊಬ್ಬರದ ಗುಂಡಿಯಲ್ಲಿ ಸಿಗುವ ದಪ್ಪ ಹುಳ ಜಾಸ್ತಿ ಕಡೆ ತೆಂಗಿನ ಕುರುವಾಯಿ ದುಂಬಿಯ ಮರಿ. ಅದು ಅಡಿಕೆ ಬೇರು ತಿನ್ನುವುದಿಲ್ಲ. ಅದಕ್ಕೆ ಗುಂಡಿಗೇ ಹಾಕುವ ಹಸಿರು ಶಿಲೀಂಧ್ರ ಬೇರೆ ಇದೆ, ಮೆಟಾರೈಜಿಯಂ.

(ಧಾರವಾಡದಿಂದ)
ಸೂಕ್ಷ್ಮ ಸಂಸ್ಕೃತ, ನೆಮಟೋಡ್ ಗ್ರೀಕ್, ಬ್ಯಾಕ್ಟೀರಿಯಾವೂ ಗ್ರೀಕ್ ಮೂಲದ್ದೇ. ಕನ್ನಡ ಎಲ್ಲಿ? ಹೊಸ ವಸ್ತು ಬಂದಾಗಲೆಲ್ಲ ಕೈಚಾಚಿದರೆ ನಮ್ಮ ಭಾಷೆಗೆ ಪದ ಕಟ್ಟುವ ರೂಢಿಯೇ ತಪ್ಪಿಹೋಗುತ್ತದೆ.

(ಮೈಸೂರಿನಿಂದ)
ಅಡಿಕೆಯ ಕೊಳೆರೋಗಕ್ಕೆ ಇಷ್ಟು ವರ್ಷ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುತ್ತಿದ್ದಾರೆ. ಬೋರ್ಡೋ ಫ್ರಾನ್ಸಿನ ಊರು. ಅದರಿಂದ ಕನ್ನಡಕ್ಕೆ ಏನೂ ಆಗಿಲ್ಲ.

(ಧಾರವಾಡದಿಂದ)
ಬೋರ್ಡೋ ಚೀಟಿಯ ಮೇಲಿನ ಹೆಸರು. ಅದೇ ಕೆಲಸಕ್ಕೆ ಕರಾವಳಿಯ ತೋಟದವರು ‘ಮದ್ದು ಬಿಡುವುದು’ ಅನ್ನುತ್ತಾರೆ. ನನ್ನ ವಾದವೂ ಅದೇ.

(ಸುಳ್ಯದಿಂದ)
ಅದನ್ನು ಒಪ್ಪುತ್ತೇನೆ. ನಮ್ಮಲ್ಲಿ ಯಾರೂ ಬೋರ್ಡೋ ಹೊಡೆಯುತ್ತೇವೆ ಅನ್ನುವುದಿಲ್ಲ, ಮದ್ದು ಬಿಡುತ್ತೇವೆ. ಆದರೆ ಆ ಮಾತು ತೋಟದಲ್ಲಿ ಹುಟ್ಟಿದ್ದು, ಪಟ್ಟಿ ಮಾಡಿ ಕೊಟ್ಟದ್ದಲ್ಲ. ಇದಕ್ಕೂ ಹಾಗೆ ಹುಟ್ಟಲಿ. ಸೂಕ್ಷ್ಮ ಬೇಡವೆಂದರೆ ‘ಸಣ್ಣಹುಳ’ ಅನ್ನಿ, ನನ್ನ ತಕರಾರಿಲ್ಲ.

ಪುತ್ತೂರಿನವರೇ, ಬೋರ್ಡಿಗೆ ಹೀಗೆ ಕೊಡಿ: ‘ಅಡಿಕೆಯ ಬೇರುಹುಳ ಕೊಲ್ಲುವ ಸಣ್ಣಹುಳ. ಹಾಕುವುದು ಹೇಗೆ, ಯಾವಾಗ?’ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ನೆಮಟೋಡ್: ಹೆಟೆರೊರಾಬ್ಡೈಟಿಸ್ ಇಂಡಿಕಾ’ ಅಂತ ಇರಲಿ. 1992ರಲ್ಲಿ ನಮ್ಮ ದೇಶದ ಮಣ್ಣಿನಿಂದಲೇ ಗುರುತಿಸಿದ ಜಾತಿ ಅದು, ಹೆಸರಲ್ಲೇ ಇದೆ. ಅಂಗಡಿಯಲ್ಲಿ ಪ್ಯಾಕೆಟ್ ಕೇಳುವಾಗ ಆ ಹೆಸರೇ ಬೇಕಾಗುತ್ತದೆ. ಪೇಂಟರ್‌ಗೆ ಕಾಗುಣಿತ ಬರೆದೇ ಕೊಡಿ.