ಲಿಮಿಟ್ ಹೋಲ್ಡೆಮ್ (ಬೆಟ್‌ನ ಮೊತ್ತ ನಿಗದಿಯಾಗಿರುವ ಪೋಕರ್): ಪೊಸಿಷನ್ (ಎದುರಾಳಿಯ ನಂತರ ಆಡುವ ಅನುಕೂಲ) ಇಲ್ಲದಾಗ ಹೇಗೆ ಆಡಬೇಕು?

ಪ್ರಶ್ನೆ: ಬ್ಲೈಂಡ್‌ನಲ್ಲಿ (ಎಲೆ ನೋಡುವ ಮೊದಲೇ ಕಡ್ಡಾಯ ಬೆಟ್ ಕಟ್ಟುವ ಸೀಟು) ಕೂತಾಗ ಫ್ಲಾಪ್‌ನಿಂದ (ಮೇಜಿನ ಮೇಲೆ ಬೀಳುವ ಮೊದಲ ಮೂರು ಎಲೆ) ರಿವರ್‌ವರೆಗೂ (ಐದನೇ, ಕೊನೆಯ ಎಲೆ) ಎದುರಾಳಿಗಿಂತ ಮೊದಲೇ ಆಡಬೇಕಾಗುತ್ತದೆ. ಯಾವ ಕೈ ಹಿಡಿಯಬೇಕು, ಯಾವಾಗ ಚೆಕ್-ರೈಸ್ (ಮೊದಲು ಬೆಟ್ ಮಾಡದೆ, ಎದುರಾಳಿ ಬೆಟ್ ಮಾಡಿದ ಮೇಲೆ ಏರಿಸುವುದು), ರಿವರ್‌ನಲ್ಲಿ ಎಲ್ಲಿಯವರೆಗೆ ಕಾಲ್ (ಎದುರಾಳಿಯ ಬೆಟ್‌ಗೆ ಸಮ ಹಾಕುವುದು)? ಚೆನ್ನಾಗಿ ಆಡಿ ಬಲ್ಲವರು ತಿಳಿಸಿ.

ಉತ್ತರ: ಮೊದಲು ಬೆಲೆ ನೋಡಿ. ಬಟನ್ (ಫ್ಲಾಪ್ ನಂತರ ಕೊನೆಗೆ ಆಡುವ ಸೀಟು) ರೈಸ್ ಮಾಡಿ, ಅರ್ಧ ಬೆಟ್‌ನ ಸ್ಮಾಲ್ ಬ್ಲೈಂಡ್ ಫೋಲ್ಡ್ ಆದರೆ (ಎಲೆ ಬಿಟ್ಟರೆ) ಪಾಟ್‌ನಲ್ಲಿ (ಕಟ್ಟಿದ ಒಟ್ಟು ಪಣದಲ್ಲಿ) 3.5 ಸಣ್ಣ ಬೆಟ್ (ಫ್ಲಾಪ್‌ವರೆಗಿನ ಬೆಟ್‌ನ ಅಳತೆ) ಇರುತ್ತದೆ. ಬಿಗ್ ಬ್ಲೈಂಡ್‌ನಲ್ಲಿರುವ ನೀವು ಹಾಕಬೇಕಾದ್ದು 1. ಶೇ 22ರಷ್ಟು ಗೆಲುವಿನ ಪಾಲು ಸಾಕು. ಬೆಟ್‌ಗೆ ಮಿತಿಯಿಲ್ಲದ ನೋ-ಲಿಮಿಟ್ ಆಡಿ ಬಂದವರು ಇಲ್ಲಿ ವಿಪರೀತ ಫೋಲ್ಡ್ ಮಾಡುತ್ತಾರೆ. ಎಕ್ಕ ಇರುವ ಯಾವ ಕೈಯನ್ನೂ, ರಾಜ ಇರುವ ಬಹುಪಾಲು ಕೈಗಳನ್ನೂ ಬಿಡಬೇಡಿ. ಸೂಟೆಡ್ (ಒಂದೇ ರಂಗಿನ) ಅಲ್ಲದ 7-2, 8-3, ಗುಲಾಮ-2 ಬಿಡಿ. ಕಾಗದದ ಮೇಲೆ ಶೇ 22 ದಾಟಿದರೂ ಫ್ಲಾಪ್ ಆದಮೇಲೆ ಆ ಪಾಲು ದಕ್ಕುವುದಿಲ್ಲ.

ಉತ್ತರ: ಮೇಲಿನದು ಬಟನ್ ರೈಸ್‌ಗೆ ಮಾತ್ರ. ಮೊದಲ ಸೀಟಿನಿಂದ ಬಿಗಿಯಾಗಿ ಆಡುವವರು ರೈಸ್ ಮಾಡಿದರೆ ಸೂಟೆಡ್ ಅಲ್ಲದ ರಾಜ-9, ಎಕ್ಕ-5 ಬೇಡ. ಜೋಡಿ ಕೂಡಿದಾಗಲೂ ಅವರ ಕಿಕ್ಕರ್ (ಜೋಡಿಯ ಜೊತೆಗಿನ ಎಲೆ) ದೊಡ್ಡದಿರುತ್ತದೆ, ಮೂರು ಸುತ್ತು ಬೆಟ್ ಕಟ್ಟಿ ಸೋಲುತ್ತೀರಿ. ಸ್ಮಾಲ್ ಬ್ಲೈಂಡ್‌ನಲ್ಲಿ ಬೆಲೆಯೂ ಕೆಟ್ಟದು: 3.5ಕ್ಕಾಗಿ 1.5 ಹಾಕಬೇಕು, ಅಂದರೆ ಶೇ 30 ಬೇಕು, ಬಿಗ್ ಬ್ಲೈಂಡ್ ಬೇರೆ ಆಡಲು ಬಾಕಿ. ಅಲ್ಲಿ ಹೆಚ್ಚಾಗಿ ಮೂರನೇ ಬೆಟ್‌ಗೆ ಏರಿಸಿ, ಇಲ್ಲವೇ ಬಿಡಿ.

ಉತ್ತರ: ಫ್ಲಾಪ್‌ನಲ್ಲಿ ಎದುರಾಳಿ ಬೆಟ್ ಮಾಡಿದರೆ ಪಾಟ್ 5.5 ಆಗುತ್ತದೆ. ಕಾಲ್‌ಗೆ ಶೇ 15ರಷ್ಟು ಬೇಕು. ಎರಡು ಓವರ್‌ಕಾರ್ಡ್‌ಗಳ (ಫ್ಲಾಪ್‌ನ ಎಲೆಗಳಿಗಿಂತ ದೊಡ್ಡ ಎಲೆಗಳು) ಆರು ಔಟ್ (ಕೈಯನ್ನು ಉತ್ತಮಗೊಳಿಸುವ ಎಲೆಗಳು) ಟರ್ನ್‌ನಲ್ಲೇ (ನಾಲ್ಕನೇ ಎಲೆ) ಬೀಳುವುದು ಶೇ 13ರ ಹತ್ತಿರ. ಜೊತೆಗೆ ಬ್ಯಾಕ್‌ಡೋರ್ ಫ್ಲಶ್ (ಇನ್ನೆರಡೂ ಎಲೆ ಬೇಕಾದ ರಂಗಿನವೇ ಬಿದ್ದರೆ ಒಂದೇ ರಂಗಿನ ಐದು ಎಲೆ ಆಗುವ ಕೈ) ಇದ್ದರೆ ಆಡಬಹುದು. ಬರೀ ಗಟ್‌ಶಾಟ್‌ಗೆ (ಸಾಲಿನ ನಡುವೆ ಒಂದು ಎಲೆ ಬೇಕಾದ ಕೈ) ಶೇ 8.5, ಬೇರೇನೂ ಇಲ್ಲದಿದ್ದರೆ ಬಿಡಿ.

ಆದರೆ ಬರೀ ಕಾಲ್ ಮಾಡುತ್ತ ಹೋದರೆ ಎದುರಾಳಿಗೆ ತನಗೆ ಬೇಕಾದ ಸುತ್ತಿನಲ್ಲಿ ಬೆಟ್, ಬೇಡವಾದಲ್ಲಿ ಬಿಟ್ಟಿ ಎಲೆ. ಇದನ್ನು ಮುರಿಯುವುದು ಚೆಕ್-ರೈಸ್. 9-6-3 ಫ್ಲಾಪ್‌ನಲ್ಲಿ ನಿಮ್ಮ ಬಳಿ ರಾಣಿ-9 ಇದೆ ಅನ್ನಿ. ಫ್ಲಾಪ್‌ನಲ್ಲೇ ಏರಿಸಿ, ಏಕೆಂದರೆ ಎಕ್ಕ-ರಾಜ ಹಿಡಿದವರಿಗೆ ಇನ್ನೂ ಆರು ಔಟ್ ಇವೆ. 8-7ರಂಥ ಡ್ರಾಗಳನ್ನೂ (ಇನ್ನೊಂದು ಎಲೆ ಬಂದರೆ ಕೂಡುವ ಕೈಗಳು) ಹೀಗೇ ಆಡಿ, ಇಲ್ಲವಾದರೆ ನೀವು ಏರಿಸಿದಾಗಲೆಲ್ಲ ಜೋಡಿ ಇದೆ ಎಂದು ಗೊತ್ತಾಗಿಬಿಡುತ್ತದೆ. ಎರಡು ಜೋಡಿ, ಸೆಟ್ (ಒಂದೇ ಬೆಲೆಯ ಮೂರು ಎಲೆ) ಇದ್ದರೆ ಬೆಟ್ ಇಮ್ಮಡಿಯಾಗುವ ಟರ್ನ್‌ವರೆಗೆ ಕಾಯಬಹುದು, ಆದರೆ ಟರ್ನ್‌ನಲ್ಲೂ ಬಿಡದೆ ಬೆಟ್ ಮಾಡುವವರ ಎದುರು ಮಾತ್ರ. ಅಲ್ಲಿ ಚೆಕ್ ಮಾಡಿಬಿಡುವವರಾದರೆ ದೊಡ್ಡ ಬೆಟ್ ಒಂದು ಹೋಯಿತು, ಬಿಟ್ಟಿ ಎಲೆಯನ್ನೂ ಕೊಟ್ಟಿರಿ.

ಉತ್ತರ: ಪಾಟ್‌ನಲ್ಲಿ ಮೂರು-ನಾಲ್ಕು ಜನ ಇದ್ದರೆ ರೈಸ್ ಮಾಡಿದವರು ಎಲ್ಲಿ ಕೂತಿದ್ದಾರೆ ಅನ್ನುವುದೇ ಮುಖ್ಯ. ಅವರು ನಿಮ್ಮ ಎಡಕ್ಕೇ ಇದ್ದರೆ ಟಾಪ್ ಪೇರ್‌ನಲ್ಲಿ (ಮೇಜಿನ ಮೇಲಿನ ಅತಿ ದೊಡ್ಡ ಎಲೆಯ ಜೋಡಿ) ನೀವೇ ಬೆಟ್ ಮಾಡಿ. ಅವರು ರೈಸ್ ಮಾಡಿದರೆ ಉಳಿದವರು ಒಟ್ಟಿಗೇ ಎರಡು ಬೆಟ್ ಕಟ್ಟಬೇಕಾಗುತ್ತದೆ. ಅವರು ಬಟನ್‌ನಲ್ಲಿದ್ದರೆ ಚೆಕ್ ಮಾಡಿ, ಅವರು ಬೆಟ್ ಮಾಡಿದ ಮೇಲೆ ಏರಿಸಿ. ನಡುವಿನವರು ಅದೇ ಎರಡು ಬೆಟ್‌ಗೆ ಸಿಕ್ಕುತ್ತಾರೆ. ಗಟ್‌ಶಾಟ್ ಹಿಡಿದವರನ್ನು ಓಡಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನೀವೇ ದೊಡ್ಡ ಫ್ಲಶ್ ಡ್ರಾದಲ್ಲಿದ್ದರೆ ಯಾರನ್ನೂ ಓಡಿಸಬೇಡಿ.

ಉತ್ತರ: ರಿವರ್ ಬಗ್ಗೆ. ಇಬ್ಬರೇ ಇದ್ದು ಫ್ಲಾಪ್, ಟರ್ನ್ ಎರಡರಲ್ಲೂ ಕಾಲ್ ಮಾಡಿದ್ದರೆ ಪಾಟ್ 5.25 ದೊಡ್ಡ ಬೆಟ್. ಎದುರಾಳಿಯ ಬೆಟ್ ಸೇರಿ 6.25. ಏಳರಲ್ಲಿ ಒಂದು ಸಲ ಗೆದ್ದರೂ ಕಾಲ್‌ನಲ್ಲಿ ನಷ್ಟವಿಲ್ಲ. ಆದರೆ ಆ ತೀರ್ಮಾನ ಟರ್ನ್‌ನಲ್ಲೇ ಆಗಬೇಕು: ಎರಡೂ ಬೆಟ್ ಕಟ್ಟುವುದಾದರೆ ಬೇಕಾದ್ದು ಶೇ 28. ಟರ್ನ್‌ನಲ್ಲಿ ಕಾಲ್ ಮಾಡಿ, ಬೋರ್ಡಿನಲ್ಲಿ ಏನೂ ಬದಲಾಗದಿದ್ದರೂ ರಿವರ್‌ನಲ್ಲಿ ಬಿಡುವುದು ಅತಿ ದುಬಾರಿ ಅಭ್ಯಾಸ.

ಎದುರಾಳಿಗೆ ಇರಬಹುದಾದ ಡ್ರಾ ಕೂಡದೆ ಉಳಿದಿದ್ದರೆ ಚೆಕ್-ಕಾಲ್ ಮಾಡಿ, ಅವರ ಬ್ಲಫ್‌ಗೆ ಎಡೆ ಸಿಗುತ್ತದೆ. ಸಣ್ಣ ಜೋಡಿಯಲ್ಲಿ ಕಾಲ್ ಮಾಡುವ, ಆದರೆ ತಾವಾಗಿ ಬೆಟ್ ಮಾಡದವರ ಎದುರು ಟಾಪ್ ಪೇರ್ ಇದ್ದರೆ ನೀವೇ ಬೆಟ್ ಮಾಡಿ. ಆಗ ಅವರು ರೈಸ್ ಮಾಡಿದರೆ ಕಾಲ್‌ಗೆ ಶೇ 11 ಸಾಕು, ಆದರೂ ರಿವರ್‌ನಲ್ಲಿ ಎಂದೂ ಬ್ಲಫ್ ರೈಸ್ ಮಾಡದವರಾದರೆ ಬಿಟ್ಟುಬಿಡಿ.