ಕೃಷಿಯ ಕರೆಂಟಿನ ಪಾಲು ಇಳಿದಿದೆ ಅನ್ನುತ್ತೆ ಪಟ್ಟಿ, ಬೋರು ಮಾತ್ರ ಇನ್ನೂ ಆಳಕ್ಕೆ ಹೋಗ್ತಿದೆ. ಗ್ರಾಫ್ ಹೇಗೆ ಹಾಕೋದು?

ಹೊಲದಗ್ರಾಫು, ಮುಳಬಾಗಿಲು

ಕೇಂದ್ರ ವಿದ್ಯುತ್ ಪ್ರಾಧಿಕಾರದ ಪಟ್ಟಿ ಪ್ರಕಾರ ದೇಶದ ಒಟ್ಟು ಕರೆಂಟ್ ಬಳಕೆಯಲ್ಲಿ ಕೃಷಿಯ ಪಾಲು 1970-71ರಲ್ಲಿ ಶೇ. 10ರ ಆಸುಪಾಸು ಇತ್ತು. 1990-91ಕ್ಕೆ ಶೇ. 26 ಆಯಿತು. ಈಚಿನ ವರ್ಷಗಳಲ್ಲಿ ಶೇ. 17-18. ನಮ್ಮ ಕಡೆ ಇದೇ ಅವಧಿಯಲ್ಲಿ ತೆರೆದ ಬಾವಿಗಳು ಬತ್ತಿ, 300 ಅಡಿಯ ಬೋರು ಹೋಗಿ 1000, 1200 ಅಡಿ ಬಂತು. 3 ಎಚ್‌ಪಿ ಮೋಟರ್ ಇದ್ದಲ್ಲಿ ಈಗ 10, 12.5 ಎಚ್‌ಪಿ. ಇವೆರಡೂ ಒಟ್ಟಿಗೆ ಹೇಗೆ ನಿಜ ಆಗುತ್ತೆ?

ರೈತ ಉತ್ಪಾದಕ ಕಂಪನಿಯ ಸಭೆಗೆ 50 ವರ್ಷದ ಒಂದು ಗ್ರಾಫ್ ಬೇಕು. ಪಾಲು ಹಾಕಬೇಕೋ, ಯೂನಿಟ್ ಹಾಕಬೇಕೋ? ಡೀಸೆಲ್ಲನ್ನು ಕರೆಂಟಿನ ಜೊತೆ ಕೂಡಬಹುದಾ? ಮೀಟರೇ ಇಲ್ಲದ ಬೋರಿನ ಲೆಕ್ಕ ತೆಗೆಯೋದು ಹೇಗೆ? ಗೊತ್ತಿರೋರು ಬಿಡಿಸಿ ಹೇಳಿ.

ಫೀಡರ್ ಲೆಕ್ಕ, ತುಮಕೂರು

ಪಾಲು ಹಾಕಬೇಡಿ, ಸಭೆಯಲ್ಲಿ ಕೂತವರಿಗೆ ತಪ್ಪು ಚಿತ್ರ ಹೋಗುತ್ತೆ. 1990-91ರಲ್ಲಿ ಕೃಷಿಗೆ ಹೋದದ್ದು ಸುಮಾರು 50 ಶತಕೋಟಿ ಯೂನಿಟ್. ಈಗ ಅದು 200 ಶತಕೋಟಿ ದಾಟಿದೆ. ಮನೆ, ಅಂಗಡಿ, ಕಾರ್ಖಾನೆಗಳ ಬಳಕೆ ಅದಕ್ಕಿಂತ ಜೋರಾಗಿ ಬೆಳೆದದ್ದರಿಂದ ಪಾಲು ಕುಗ್ಗಿದ ಹಾಗೆ ಕಾಣುತ್ತೆ, ಅಷ್ಟೇ.

ಇದಕ್ಕಿಂತ ದೊಡ್ಡ ತೊಡಕು ಒಂದಿದೆ. ಕೃಷಿಯ ಯೂನಿಟ್ಟಿನಲ್ಲಿ ಬಹುಪಾಲು ಅಳೆದದ್ದಲ್ಲ, ಅಂದಾಜು ಮಾಡಿದ್ದು. ಕರ್ನಾಟಕದಲ್ಲಿ 2008ರಿಂದ 10 ಎಚ್‌ಪಿವರೆಗಿನ ಐಪಿ (ನೀರಾವರಿ ಪಂಪ್) ಸೆಟ್‌ಗೆ ಕರೆಂಟ್ ಉಚಿತ, ಹೆಚ್ಚಿನವಕ್ಕೆ ಮೀಟರಿಲ್ಲ. ಹಳೆಯ ಪದ್ಧತಿಯಲ್ಲಿ ಮಂಜೂರಾದ ಎಚ್‌ಪಿಯನ್ನು ಗಂಟೆಯಿಂದ, ಆಮೇಲೆ ಸೆಟ್‌ಗಳ ಸಂಖ್ಯೆಯಿಂದ ಗುಣಿಸುತ್ತಿದ್ದರು. ಇದರಲ್ಲಿ ಮೂರು ಕಡೆ ಪೆಟ್ಟು ಬೀಳುತ್ತೆ: ಪುಸ್ತಕದಲ್ಲಿ 5 ಎಚ್‌ಪಿ ಇದ್ದು ಬೋರಿನಲ್ಲಿ 10 ಇಳಿದಿರುತ್ತೆ, ನೀರು ನಿಂತುಹೋದ ಬೋರೂ ಲೆಕ್ಕದಲ್ಲಿ ಓಡುತ್ತಲೇ ಇರುತ್ತೆ, ಅಕ್ರಮ ಸಂಪರ್ಕ ಲೆಕ್ಕಕ್ಕೇ ಬರಲ್ಲ. ಲೈನಿನಲ್ಲಿ ಸೋರಿದ ಕರೆಂಟನ್ನೂ ರೈತರ ತಲೆಗೆ ಹಾಕಲು ಇದು ಅನುಕೂಲವಾಗಿತ್ತು. 2000ದ ಆಸುಪಾಸು ಸುಧಾರಣೆ ಶುರುವಾಗಿ ಮರು ಅಂದಾಜು ಮಾಡಿದಾಗ, ಹಲವು ರಾಜ್ಯಗಳಲ್ಲಿ ಕೃಷಿ ಬಳಕೆ ಇಳಿದು ನಷ್ಟದ ಅಂಕಿ ಏರಿತು. ಆ ವರ್ಷ ಹೊಲದಲ್ಲಿ ಏನೂ ಬದಲಾಗಿರಲಿಲ್ಲ.

ಈಗ ಕೃಷಿ ಫೀಡರ್ (ಸಬ್‌ಸ್ಟೇಷನ್ನಿನಿಂದ ಹೊಲಗಳ ಕಡೆ ಹೋಗುವ ಲೈನ್) ಬೇರೆ ಮಾಡಿದ ಕಡೆ, ಸಬ್‌ಸ್ಟೇಷನ್ನಿನ ಫೀಡರ್ ಮೀಟರಿನ ಓದಿನಿಂದ ಲೈನ್ ಮತ್ತು ಟಿಸಿ (ಟ್ರಾನ್ಸ್‌ಫಾರ್ಮರ್) ನಷ್ಟ ಕಳೆದು ಲೆಕ್ಕ ಹಾಕುತ್ತಾರೆ. ಇದು ಎಷ್ಟೋ ವಾಸಿ. ಹಾಗಾಗಿ ನಿಮ್ಮ ಗ್ರಾಫಿನಲ್ಲಿ ಅಂದಾಜಿನ ವರ್ಷಗಳಿಗೆ ಚುಕ್ಕಿ ಗೆರೆ, ಅಳತೆಯ ವರ್ಷಗಳಿಗೆ ಗಟ್ಟಿ ಗೆರೆ ಎಳೆಯಿರಿ. ಎರಡನ್ನೂ ಒಂದೇ ಗೆರೆಯಲ್ಲಿ ಸೇರಿಸಬೇಡಿ.

ಕಪಿಲೆ ಬಾವಿ, ಚಿಂತಾಮಣಿ

ದೇಶದ ಅಂಕಿ ಒಂದು ಕಡೆ ಇರಲಿ, ನಮ್ಮ ಕಡೆಗೆ ಬೇಕಾದ ಅಂಕಿ 1000 ಲೀಟರ್ ನೀರಿಗೆ ಎಷ್ಟು ಯೂನಿಟ್ ಅನ್ನೋದು. ಒಂದು ಸೂತ್ರ ನೆನಪಿಟ್ಟುಕೊಳ್ಳಿ: ನಷ್ಟವೇ ಇಲ್ಲದಿದ್ದರೆ ಒಂದು ಯೂನಿಟ್ ಕರೆಂಟು 1000 ಲೀಟರ್ ನೀರನ್ನು 1200 ಅಡಿ ಮೇಲೆತ್ತುತ್ತೆ. ಪಂಪು, ಮೋಟರ್ ಸೇರಿ ದಕ್ಷತೆ ಶೇ. 35 ಅಂತ ಹಿಡಿಯೋಣ. 30 ಅಡಿಯ ಬಾವಿಯಿಂದ 1000 ಲೀಟರಿಗೆ 0.07 ಯೂನಿಟ್, 300 ಅಡಿಯಿಂದ 0.7, 900 ಅಡಿಯಿಂದ 2.1.

ಒಂದು ಎಕರೆಗೆ ದಿನಕ್ಕೆ 5 ಮಿಲಿಮೀಟರ್ ನೀರು ಕೊಟ್ಟರೆ ಸುಮಾರು 20,000 ಲೀಟರ್. ಬಾವಿಯ ಕಾಲದಲ್ಲಿ ಅದಕ್ಕೆ ಒಂದೂವರೆ ಯೂನಿಟ್ ಸಾಕಿತ್ತು. 900 ಅಡಿಯಲ್ಲಿ 42 ಯೂನಿಟ್ ಬೇಕು. ಬೆಳೆ ಅದೇ, ಎಕರೆ ಅದೇ, ನೀರೂ ಅಷ್ಟೇ.

ಇನ್ನೂ ಹಿಂದಕ್ಕೆ ಹೋಗುವುದಾದರೆ ಎಚ್ಚರ. ಕಪಿಲೆ, ಏತದಲ್ಲಿ ನೀರೆತ್ತಿದ ಕಾಲದ ಶಕ್ತಿ ಯಾವ ಪಟ್ಟಿಯಲ್ಲೂ ಇಲ್ಲ. 1960-61ರಲ್ಲಿ ದೇಶದ ಹೊಲಗಳಿಗೆ ಹೆಕ್ಟೇರಿಗೆ ಸಿಗುತ್ತಿದ್ದದ್ದು ಸುಮಾರು 0.3 ಕಿಲೋವಾಟ್, ಅದರಲ್ಲಿ ಶೇ. 90ಕ್ಕಿಂತ ಹೆಚ್ಚು ಎತ್ತು ಮತ್ತು ಆಳಿನದು. ಈಗ 2 ಕಿಲೋವಾಟ್ ದಾಟಿದೆ, ಎತ್ತು-ಆಳಿನ ಪಾಲು ಹತ್ತರಲ್ಲೊಂದು. ಕರೆಂಟ್ ಬಳಕೆಯ ಮೊದಲ ಇಪ್ಪತ್ತು ವರ್ಷದ ಏರಿಕೆಯಲ್ಲಿ ಒಂದಷ್ಟು ಭಾಗ, ಹುಲ್ಲು-ಹುರುಳಿ ತಿಂದ ಎತ್ತು ಮಾಡುತ್ತಿದ್ದ ಕೆಲಸ ಕರೆಂಟಿನ ಲೆಕ್ಕಕ್ಕೆ ಬಂದದ್ದು ಮಾತ್ರ.

ಹೊಲದಗ್ರಾಫು, ಮುಳಬಾಗಿಲು

ತುಂಬಾ ಉಪಯೋಗ ಆಯ್ತು. ಆಳ ಅಂದರೆ ಬೋರು ಕೊರೆಸಿದ ಅಡಿ ಹಾಕಬೇಕೋ, ಪಂಪ್ ಇಳಿಸಿದ ಅಡಿ ಹಾಕಬೇಕೋ?

ಪ್ಯಾನೆಲ್ ಬೋರ್ಡ್, ಮಾಲೂರು

ಎರಡೂ ಅಲ್ಲ. ಪಂಪ್ ಓಡುತ್ತಿರುವಾಗ ನೀರಿನ ಮಟ್ಟ ಎಷ್ಟು ಅಡಿಯಲ್ಲಿ ನಿಂತಿದೆಯೋ ಅದು. 1200 ಅಡಿ ಕೊರೆಸಿ 1000 ಅಡಿಗೆ ಪಂಪ್ ಬಿಟ್ಟಿದ್ದರೂ ನೀರು 700 ಅಡಿಯಲ್ಲಿ ನಿಂತರೆ ಎತ್ತುವ ಕೆಲಸ 700 ಅಡಿಯದು. ಅದಕ್ಕೆ ಪೈಪಿನ ಉಜ್ಜಾಟ ಮತ್ತು ಹೊಂಡದವರೆಗಿನ ಏರು ಸೇರಿಸಿ, 740 ಅಡಿ ಅಂತ ಇಟ್ಟುಕೊಳ್ಳಿ.

ಮೀಟರಿಲ್ಲದ ಬೋರಿಗೆ ಕ್ಲಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಆಂಪ್ಸ್ ಅಳೆಯೋದು), 200 ಲೀಟರ್ ಡ್ರಮ್, ಮೊಬೈಲಿನ ಸ್ಟಾಪ್‌ವಾಚ್ ಸಾಕು. ಸ್ಟಾರ್ಟರ್ ಬಾಗಿಲು ತೆಗೆದು ಮೂರು ಫೇಸ್ ಮಧ್ಯೆ ಕೈ ಹಾಕುವ ಕೆಲಸ ಆದ್ದರಿಂದ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಪಂಪ್ ಶುರುವಾಗಿ 20-30 ನಿಮಿಷ ಆದ ಮೇಲೆ ಅಳೆಯಬೇಕು. ಮೊದಲ ಹತ್ತು ನಿಮಿಷ ರಾತ್ರಿಯಿಡೀ ನಿಂತ ನೀರು ಬರುತ್ತೆ, ಮಟ್ಟ ಮೇಲಿರುತ್ತೆ, ಧಾರೆ ದಪ್ಪ ಕಾಣುತ್ತೆ. ಆಗ ಅಳೆದವರೆಲ್ಲ ತಮ್ಮ ಬೋರು ಚೆನ್ನಾಗಿದೆ ಅಂದುಕೊಳ್ಳುತ್ತಾರೆ.

ಮೂರು ಫೇಸಿನ ಆಂಪ್ಸ್ ಬರೆದುಕೊಂಡು ಸರಾಸರಿ ತೆಗೆಯಿರಿ. ಫೇಸ್-ಫೇಸ್ ನಡುವಿನ ಮೂರು ವೋಲ್ಟೇಜಿಗೂ ಹಾಗೇ ಮಾಡಿ. ಉದಾಹರಣೆಗೆ 10 ಎಚ್‌ಪಿ ಮೋಟರ್, 380 ವೋಲ್ಟ್, 18 ಆಂಪ್ಸ್, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.8 ಅಂತಿರಲಿ. 1.732 × 380 × 18 × 0.8 ಅಂದರೆ ಸುಮಾರು 9.5 ಕಿಲೋವಾಟ್, ಗಂಟೆಗೆ 9.5 ಯೂನಿಟ್. ಡ್ರಮ್ ಮೂರು ಸಲ ತುಂಬಿಸಿ ಸರಾಸರಿ ನೋಡಿ. 2 ನಿಮಿಷ 15 ಸೆಕೆಂಡ್ ಬಂದರೆ ಗಂಟೆಗೆ 5,300 ಲೀಟರ್. 1000 ಲೀಟರಿಗೆ 1.8 ಯೂನಿಟ್. ಕಪಿಲೆ ಬಾವಿಯವರ ಸೂತ್ರದಂತೆ 740 ಅಡಿಗೆ ನಷ್ಟವಿಲ್ಲದೆ ಬೇಕಾದದ್ದು 0.62 ಯೂನಿಟ್. ದಕ್ಷತೆ ಶೇ. 34-35 ಆಯಿತು.

ಇಲ್ಲಿ ಎಲ್ಲರೂ ಎಡವುವ ಜಾಗ ಕೆಪಾಸಿಟರ್, ಅಂದರೆ ಪವರ್ ಫ್ಯಾಕ್ಟರ್ ಸುಧಾರಿಸಲು ಸ್ಟಾರ್ಟರ್ ಜೊತೆ ಕೂರಿಸುವ ಡಬ್ಬಿ. ಕ್ಲಾಂಪನ್ನು ಕೆಪಾಸಿಟರಿಗಿಂತ ಲೈನಿನ ಕಡೆ ಹಾಕಿದರೆ ಆಂಪ್ಸ್ ಕಮ್ಮಿ ತೋರಿಸುತ್ತೆ. ಅದನ್ನೇ 0.8ರಿಂದ ಗುಣಿಸಿದರೆ ಮೋಟರ್ ತಿನ್ನುವ ಕರೆಂಟು ಇರುವುದಕ್ಕಿಂತ ಕಡಿಮೆ ಬರುತ್ತೆ. ಬೋರಿಗೆ ಇಳಿಯುವ ಕೇಬಲ್ ಕಡೆ, ಅಂದರೆ ಕೆಪಾಸಿಟರ್ ದಾಟಿದ ಮೇಲೆ ಹಾಕಿ.

ದಕ್ಷತೆ ಶೇ. 25ಕ್ಕಿಂತ ಕೆಳಗೆ ಬಂದರೆ ಮೊದಲು ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಸವೆದಿದೆಯಾ ನೋಡಿ, ಮರಳು ಬರುವ ಬೋರಿನಲ್ಲಿ ಬೇಗ ಸವೆಯುತ್ತೆ. ಪೈಪಿನ ಜಾಯಿಂಟ್ ಸೋರಿ ನೀರು ಒಳಗೇ ವಾಪಸ್ ಬೀಳುತ್ತಿದ್ದರೂ ಹೀಗೇ ಆಗುತ್ತೆ. ಆಮೇಲೆ ರಿವೈಂಡಿಂಗ್: ಗೇಜ್ ಬದಲಾಯಿಸಿ ಕಾಯಿಲ್ ಸುತ್ತಿದ ಮೋಟರ್ ಅದೇ ನೀರಿಗೆ ಹೆಚ್ಚು ಆಂಪ್ಸ್ ಎಳೆಯುತ್ತೆ. ಮೂರು ಫೇಸಿನಲ್ಲಿ ಒಂದರ ಆಂಪ್ಸ್ ಉಳಿದೆರಡಕ್ಕಿಂತ ಬಹಳ ಹೆಚ್ಚಿದ್ದರೆ ತಪ್ಪು ಲೈನಿನದೂ ಆಗಿರಬಹುದು. ವೋಲ್ಟೇಜಿನಲ್ಲಿ ಶೇ. 2-3 ಏರುಪೇರಾದರೂ ಸಾಕು, ಆಂಪ್ಸಿನಲ್ಲಿ ಅದು ಹಲವು ಪಟ್ಟು ಆಗಿ ಕಾಣುತ್ತೆ.

ರೋಟವೇಟರ್, ಗೌರಿಬಿದನೂರು

ಡೀಸೆಲ್ ಬಗ್ಗೆ. ಬಂಕಿನಲ್ಲಿ ಮಾರಿದ ಡೀಸೆಲ್ ಲಾರಿಗೆ ಹೋಯಿತೋ ಟ್ರ್ಯಾಕ್ಟರಿಗೆ ಹೋಯಿತೋ ಬಿಲ್ಲಿನಲ್ಲಿ ಇರಲ್ಲ, ಹಾಗಾಗಿ ರಾಷ್ಟ್ರೀಯ ಪಟ್ಟಿಯ ಕೃಷಿ ಡೀಸೆಲ್ ಅಂಕಿಯನ್ನು ಕಣ್ಣು ಮುಚ್ಚಿ ಎತ್ತಿಕೊಳ್ಳಬೇಡಿ. ಊರ ಮಟ್ಟದಲ್ಲಾದರೆ ಬಾಡಿಗೆ ಟ್ರ್ಯಾಕ್ಟರಿನವರ ಗಂಟೆ ಪುಸ್ತಕದಿಂದ ತೆಗೆಯಬಹುದು. 45 ಎಚ್‌ಪಿ ಟ್ರ್ಯಾಕ್ಟರ್ ರೋಟವೇಟರ್ ಹೊಡೆಯುವಾಗ ಗಂಟೆಗೆ 5-6 ಲೀಟರ್ ಕುಡಿಯುತ್ತೆ, ಕೆಂಪು ಮಣ್ಣು ಒಣಗಿ ಗಟ್ಟಿಯಾಗಿದ್ದರೆ ಇನ್ನೂ ಜಾಸ್ತಿ.

ಒಂದು ಲೀಟರ್ ಡೀಸೆಲ್ಲಿನ ಶಾಖ ಸುಮಾರು 10 ಯೂನಿಟ್ಟಿಗೆ ಸಮ. ಹಾಗಂತ ನೇರ ಕೂಡಬೇಡಿ. ಡೀಸೆಲ್ ಇನ್ನೂ ಸುಡಬೇಕಾದ ಇಂಧನ, ಕರೆಂಟು ಆಗಲೇ ಸುಟ್ಟು ಬಂದದ್ದು. ಕಲ್ಲಿದ್ದಲಿನ ಸ್ಥಾವರದಲ್ಲಿ ಒಂದು ಯೂನಿಟ್ ಆಗಲು ಸುಮಾರು ಮೂರು ಯೂನಿಟ್‌ನಷ್ಟು ಶಾಖ ಬೇಕು. ಎರಡನ್ನೂ ಇಂಧನದ ಮಟ್ಟಕ್ಕೆ ತಂದು ಕೂಡಿ, ಇಲ್ಲವೇ ಎರಡು ಗೆರೆ ಬೇರೆ ಬೇರೆ ಎಳೆಯಿರಿ.

ಗೊಬ್ಬರ ಹೊಲದ ಲೆಕ್ಕದಲ್ಲಿ ಬರಲ್ಲ, ಕಾರ್ಖಾನೆ ಲೆಕ್ಕಕ್ಕೆ ಹೋಗುತ್ತೆ. ಆದರೂ ಟಿಪ್ಪಣಿಯಲ್ಲಿ ಹಾಕಿ: 45 ಕಿಲೋ ಯೂರಿಯಾ ಚೀಲ ಒಂದನ್ನು ಮಾಡಲು ಹಿಡಿಯುವ ಶಕ್ತಿ ಸುಮಾರು 30 ಲೀಟರ್ ಡೀಸೆಲ್ಲಿಗೆ ಸಮ. ಇದು ಸಭೆಯಲ್ಲಿ ಎಲ್ಲರಿಗೂ ತಿಳಿಯಬೇಕಾದ ಮಾತು.

ಹಿಪ್ಪುನೇರಳೆ, ಶಿಡ್ಲಘಟ್ಟ

ಡ್ರಿಪ್ ಹಾಕಿದ ಮೇಲೆ ಕರೆಂಟ್ ಇಳಿಯುತ್ತೆ ಅಲ್ವಾ? ಅದನ್ನು ಯಾರೂ ಹೇಳಲಿಲ್ಲ.

ಫೀಡರ್ ಲೆಕ್ಕ, ತುಮಕೂರು

ಎಕರೆಗೆ ಇಳಿಯುತ್ತೆ, ಫೀಡರಿನಲ್ಲಿ ಇಳಿಯಲ್ಲ. ತ್ರೀ ಫೇಸ್ ಇರುವ ಏಳು ಗಂಟೆಯೂ ಆಟೋ ಸ್ಟಾರ್ಟರ್ ಮೋಟರನ್ನು ಓಡಿಸುತ್ತೆ, ಉಳಿದ ನೀರಿಗೆ ಇನ್ನೊಂದು ಎಕರೆ ಸೊಪ್ಪೋ ಟೊಮೆಟೊನೋ ಬರುತ್ತೆ. ಹೊಂಡದಿಂದ ಇನ್ನೊಂದು ಪಂಪಿಟ್ಟು ಡ್ರಿಪ್ಪಿಗೆ ಒತ್ತಡ ಕೊಟ್ಟರೆ 50-60 ಅಡಿ ಎತ್ತಿದಷ್ಟು ಕೆಲಸ ಮೇಲೆ ಸೇರುತ್ತೆ.

ಸಭೆಗೆ ಹೋಗೋ ಮುಂಚೆ ಇನ್ನೆರಡು ಜಾಗ ನೋಡಿಕೊಳ್ಳಿ. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರನ್ನು ಪಂಪ್ ಮಾಡಿ ಕೋಲಾರದ ಕೆರೆಗಳಿಗೆ ತರುತ್ತಿದ್ದಾರೆ. ಆ ಕರೆಂಟು ಐಪಿ ಸೆಟ್ ಲೆಕ್ಕದಲ್ಲಿ ಇಲ್ಲ. ಕೆರೆಯ ಪಕ್ಕದ ಬೋರಿನಲ್ಲಿ ಮಟ್ಟ ಮೇಲೆ ಬಂದರೆ ಅಲ್ಲಿ ಯೂನಿಟ್ ಇಳಿದದ್ದು ಕಾಣುತ್ತೆ, ನೀರು ತಂದ ಖರ್ಚು ಕಾಣಲ್ಲ. ಹಾಗೇ ಕೇಂದ್ರದ ಸೋಲಾರ್ ಪಂಪ್ ಯೋಜನೆ ಪಿಎಂ-ಕುಸುಮ್‌ನಲ್ಲಿ ಲೈನಿಗೆ ಸೇರದ ಸೋಲಾರ್ ಪಂಪ್ ಹಾಕಿಸಿಕೊಂಡವರ ಬಳಕೆ ಫೀಡರ್ ಮೀಟರಿನಿಂದ ಮಾಯವಾಗುತ್ತೆ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕನ್ನು ಮಾತ್ರ ಇದರಲ್ಲಿ ಸೇರಿಸಬೇಡಿ, ಅದು ರೈತರ ಜಮೀನಿನಲ್ಲಿದ್ದರೂ ಕರೆಂಟು ಗ್ರಿಡ್ಡಿಗೆ ಹೋಗುತ್ತೆ.

ಹೊಲದಗ್ರಾಫು, ಮುಳಬಾಗಿಲು

ಸರಿ. ದೇಶದ ಯೂನಿಟ್ಟಿಗೆ ಒಂದು ಗೆರೆ, ಅಂದಾಜಿನ ವರ್ಷಗಳು ಚುಕ್ಕಿಯಲ್ಲಿ. ಪಕ್ಕದಲ್ಲಿ ನಮ್ಮೂರ ಹತ್ತು ಬೋರಿನ 1000 ಲೀಟರ್ ಲೆಕ್ಕ. ಭಾನುವಾರ ತ್ರೀ ಫೇಸ್ ಬೆಳಿಗ್ಗೆ ಇರುತ್ತೆ, ಡ್ರಮ್ ರೆಡಿ ಇಟ್ಟಿದ್ದೀವಿ. ಅಂಕಿ ಬಂದ ಮೇಲೆ ಇಲ್ಲೇ ಹಾಕ್ತೀನಿ.