ಪಜಲ್ ಬಿಡಿಸಿದ ಮೇಲೆ ಮಕ್ಕಳು ಬರೆಯುವುದೆಲ್ಲ ಒಂದೇ ಥರ, ಏನು ಮಾಡುವುದು?

ಕುಂಬಳೆ ಟೀಚರ್:

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಒಂದು ಕನ್ನಡ ಮೀಡಿಯಂ ಯುಪಿ (ಅಪ್ಪರ್ ಪ್ರೈಮರಿ) ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಏಳನೇ ಕ್ಲಾಸಿಗೆ ಶುಕ್ರವಾರ ಕೊನೇ ಪೀರಿಯಡ್ ಪಜಲ್‌ಗೆ ಅಂತಲೇ ಇಟ್ಟಿದ್ದೇನೆ. ನಾಲ್ಕು ನಾಲ್ಕು ಮಕ್ಕಳ ಗುಂಪು. ಬಿಡಿಸಿ ಆದ ಮೇಲೆ ಒಬ್ಬೊಬ್ಬರೂ ಅರ್ಧ ಪುಟ ಬರೆಯಬೇಕು. ಗುಂಪಿನಲ್ಲಿ ಏನಾಯಿತು, ಎಲ್ಲಿ ಸಿಕ್ಕಿಬಿದ್ದಿರಿ, ಆಮೇಲೆ ಹೇಗೆ ದಾರಿ ಸಿಕ್ಕಿತು, ಇಷ್ಟೇ.

ಪಜಲ್ ಮಕ್ಕಳಿಗೆ ಭಾರೀ ಇಷ್ಟ. ತೊಂದರೆ ಇರುವುದು ಬರವಣಿಗೆಯಲ್ಲಿ. "ನಾವೆಲ್ಲರೂ ಒಗ್ಗಟ್ಟಿನಿಂದ ಕೆಲಸ ಮಾಡಿದೆವು. ಒಗ್ಗಟ್ಟಿನಲ್ಲಿ ಬಲವಿದೆ ಎಂದು ತಿಳಿಯಿತು. ತುಂಬಾ ಸಂತೋಷವಾಯಿತು." ಇಡೀ ಕ್ಲಾಸಿನದ್ದು ಇದೇ. ಪುಸ್ತಕದ ಮೇಲಿನ ಹೆಸರು ಮುಚ್ಚಿದರೆ ಯಾರದ್ದು ಯಾವುದು ಅಂತ ಗೊತ್ತಾಗಲಿಕ್ಕಿಲ್ಲ.

ಆದರೆ ನಡೆದದ್ದು ಹಾಗಲ್ಲ. ಕಳೆದ ಸಲ ಕೊಟ್ಟದ್ದು ಸಂಕ (ಕಾಲುಸೇತುವೆ) ದಾಟುವ ಪಜಲ್. ಹಳೇದೇ, ನಮ್ಮ ಊರಿಗೆ ಸ್ವಲ್ಪ ಬದಲಾಯಿಸಿದ್ದೆ. ರಾತ್ರಿ ಹೊತ್ತು, ತೋಡಿಗೆ ಅಡಿಕೆ ಮರದ ಸಂಕ, ಮನೆಯವರ ಹತ್ತಿರ ಇರುವುದು ಒಂದೇ ಟಾರ್ಚ್. ಒಂದು ಸಲಕ್ಕೆ ಇಬ್ಬರೇ ದಾಟಬಹುದು. ಟಾರ್ಚ್ ಇಲ್ಲದೆ ಕಾಲಿಡುವ ಹಾಗಿಲ್ಲ. ಅಣ್ಣನಿಗೆ 1 ನಿಮಿಷ, ಅಕ್ಕನಿಗೆ 2, ಅಮ್ಮನಿಗೆ 5, ಅಜ್ಜನಿಗೆ 10 ನಿಮಿಷ ಬೇಕು. ಇಬ್ಬರು ಒಟ್ಟಿಗೆ ಹೋದರೆ ನಿಧಾನ ಇರುವವರ ಲೆಕ್ಕ. ನಾಲ್ಕೂ ಜನ 17 ನಿಮಿಷದಲ್ಲಿ ದಾಟಬೇಕು.

ಒಂದು ಗುಂಪಿನ ಪಕ್ಕದಲ್ಲೇ ನಿಂತಿದ್ದೆ. ಇಬ್ಬರು ಹುಡುಗರು ಚೀಟಿ ಎಳೆದಾಡುತ್ತಿದ್ದರು. ಒಬ್ಬ ಕಿಟಕಿಯಲ್ಲಿ ಬಸ್ಸು ನೋಡುತ್ತಿದ್ದ. ಕೊನೆಯಲ್ಲಿ ಕೂತ ಹುಡುಗಿ ಮೆಲ್ಲ ಹೇಳಿದಳು, "ಅಮ್ಮ, ಅಜ್ಜ ಒಟ್ಟಿಗೆ ಹೋಗಲಿ" ಅಂತ. ಯಾರೂ ತಲೆ ಎತ್ತಲಿಲ್ಲ. ಸುಮಾರು ಹೊತ್ತಾದ ಮೇಲೆ ಆ ಹುಡುಗರಲ್ಲೇ ಒಬ್ಬ ಅದೇ ಮಾತನ್ನು ಜೋರಾಗಿ ಹೇಳಿದ. ಎಲ್ಲರೂ ಚಪ್ಪಾಳೆ. ಅವಳ ಪುಸ್ತಕ ತೆಗೆದು ನೋಡಿದರೆ, ಒಗ್ಗಟ್ಟಿನಲ್ಲಿ ಬಲವಿದೆ!

ಇವರಿಂದ ನಿಜವಾಗಿ ನಡೆದದ್ದನ್ನು ಬರೆಸುವುದು ಹೇಗೆ? ಗದರಿಸಿ ಬರೆಸುವ ಕೆಲಸ ಅಲ್ಲ ಅಂತ ಗೊತ್ತು. ನೀವು ಯಾರಾದರೂ ಮಾಡಿ ನೋಡಿದ್ದರೆ ಹೇಳಿ.

ನಿವೃತ್ತ ಮಾಷ್ಟ್ರು, ಬದಿಯಡ್ಕ:

ಟೀಚರ್, ಮೊದಲು ಒಂದು ಕೇಳುತ್ತೇನೆ. ಆ ಪುಸ್ತಕಕ್ಕೆ ನೀವು ಕೆಂಪು ಶಾಯಿಯಲ್ಲಿ ಸಹಿ ಹಾಕುತ್ತೀರಾ? ಹಾಕುವುದಾದರೆ ಮಕ್ಕಳು ಬರೆಯುವುದು ನಿಮಗೆ ಬೇಕಾದ್ದನ್ನೇ. ಅವರೇನು ದಡ್ಡರಲ್ಲ. ಹೈಸ್ಕೂಲಿನಲ್ಲಿ ಇದು ಇನ್ನೂ ಜಾಸ್ತಿ. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಪರೀಕ್ಷೆಗೆ 80 ಅಂಕ, ಸಿಇಗೆ (ಶಾಲೆಯಲ್ಲೇ ಹಾಕುವ ನಿರಂತರ ಮೌಲ್ಯಮಾಪನಕ್ಕೆ) 20 ಅಂತ ಇರುವಾಗ, ಸಿಇ ಲೆಕ್ಕಕ್ಕೆ ಹೋಗುವ ಯಾವ ಬರವಣಿಗೆಯಲ್ಲಿ ಮಗು "ಅವನು ನನ್ನ ಮಾತು ಕೇಳಲಿಲ್ಲ" ಅಂತ ಬರೆದೀತು?

ಇನ್ನೊಂದು, ನಿಮ್ಮ ಪ್ರಶ್ನೆ ದೊಡ್ಡದಾಯಿತು. "ಗುಂಪಿನಲ್ಲಿ ಏನಾಯಿತು" ಅಂದರೆ ದೊಡ್ಡವರಾದ ನಮಗೂ ಒಗ್ಗಟ್ಟು, ಸಹಕಾರ ಅಂತಲೇ ಬಾಯಿಗೆ ಬರುವುದು. ಸಣ್ಣದು ಕೇಳಿ. ಮೊದಲು ಎಷ್ಟು ನಿಮಿಷ ಬಂತು? ಅದು ಸರಿಯಲ್ಲ ಅಂತ ಯಾರಿಗೆ ಮೊದಲು ಗೊತ್ತಾಯಿತು? ಯಾರ ಯಾವ ಮಾತಿನ ನಂತರ ನೀನು ಬೇರೆ ಥರ ಯೋಚಿಸಿದೆ? ಈ ಕೊನೇ ಪ್ರಶ್ನೆಗೆ ಒಬ್ಬರ ಹೆಸರು ಮತ್ತು ಒಂದು ಮಾತು ಬರೆಯಲೇಬೇಕು, ಗಾದೆ ಬರೆದು ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ.

ಮತ್ತೆ ತಪ್ಪಿದ ಲೆಕ್ಕವನ್ನು ಉಜ್ಜಿ ಹಾಕಲಿಕ್ಕೆ ಬಿಡಬೇಡಿ. ನಮ್ಮ ಮಕ್ಕಳಿಗೆ ರಬ್ಬರ್ ಅಂದರೆ ಪ್ರಾಣ. ನಿಮ್ಮ ಸಂಕದಲ್ಲಿ ಎಲ್ಲರಿಗೂ ಮೊದಲು ಬರುವುದು 19. ಆ 19 ಪುಟದಲ್ಲಿ ಉಳಿದರೆ ಬರೆಯಲಿಕ್ಕೆ ಏನಾದರೂ ಇರುತ್ತದೆ. ಉಜ್ಜಿ 17 ಅಂತ ಚಂದ ಮಾಡಿ ಬರೆದರೆ ಅಲ್ಲಿಗೆ ಕಥೆ ಮುಗಿಯಿತು.

ಪೆರ್ಲದವ:

17 ಹೇಗೆ ಮಾರಾಯ್ರೆ? ನನಗೆ 19ರಿಂದ ಕೆಳಗೆ ಇಳಿಯುವುದೇ ಇಲ್ಲ. ಆಫೀಸಲ್ಲಿ ಕೆಲಸ ಬಿಟ್ಟು ಇದೇ ಮಾಡುತ್ತಾ ಕೂತಿದ್ದೇನೆ.

ಕುಂಬಳೆ ಟೀಚರ್:

ಪೆರ್ಲದವರೇ, ನೀವು ಪ್ರತಿ ಸಲ ಅಣ್ಣನ ಕೈಯಲ್ಲೇ ಟಾರ್ಚ್ ವಾಪಸ್ ಕಳಿಸುತ್ತಿದ್ದೀರಿ ಅಲ್ವಾ? ಅವನೇ ಬೇಗ ನಡೆಯುವವನು ಅಂತ. ಆಗ 2, 1, 5, 1, 10 ಕೂಡಿದರೆ 19. ಅಮ್ಮನ 5 ಮತ್ತು ಅಜ್ಜನ 10 ಬೇರೆ ಬೇರೆ ಲೆಕ್ಕಕ್ಕೆ ಬರುವುದೇ ತೊಂದರೆ. ಅವರಿಬ್ಬರೂ ಒಟ್ಟಿಗೆ ಹೋದರೆ 5 ನಿಮಿಷ ಆ 10ರ ಒಳಗೇ ಮುಗಿಯುತ್ತದೆ. ಆದರೆ ಅವರು ಹೋದ ಮೇಲೆ ಟಾರ್ಚ್ ತರಲಿಕ್ಕೆ ಆಚೆ ದಡದಲ್ಲಿ ಬೇಗ ನಡೆಯುವವರು ಒಬ್ಬರು ಮೊದಲೇ ಇರಬೇಕಲ್ಲ. ಹಾಗಾಗಿ ಅಣ್ಣ ಅಕ್ಕ ಹೋಗುವುದು 2, ಅಣ್ಣ ವಾಪಸ್ 1, ಅಮ್ಮ ಅಜ್ಜ 10, ಅಕ್ಕ ವಾಪಸ್ 2, ಅಣ್ಣ ಅಕ್ಕ ಮತ್ತೆ 2. ಒಟ್ಟು 17.

ಮಂಜೇಶ್ವರದ ಅಮ್ಮ:

ನಾನು ಟೀಚರ್ ಅಲ್ಲ, ಮಗ ಆರನೇ ಕ್ಲಾಸು. ಅವರ ಶಾಲೆಯಲ್ಲೂ ಹೀಗೆ ಬರೆಸುತ್ತಾರೆ. ಮನೆಗೆ ಬಂದು ಅವನು ಹೇಳುವುದಕ್ಕೂ ಪುಸ್ತಕದಲ್ಲಿ ಬರೆಯುವುದಕ್ಕೂ ಅಜಗಜಾಂತರ.

ನನಗೆ ಅನಿಸುವುದು ಇಷ್ಟು. ಈ ಮಕ್ಕಳು ಗುಂಪಿನಲ್ಲಿ ಜಗಳ ಮಾಡುವುದು ತುಳುವಿನಲ್ಲಿ. ಪಕ್ಕದವ ಬ್ಯಾರಿ ಭಾಷೆಯವನಾದರೆ ಅರ್ಧ ತುಳು ಅರ್ಧ ಮಲಯಾಳ. ನಮ್ಮ ಮನೆಯಲ್ಲಿ ಮಾತಾಡುವುದು ಕೊಂಕಣಿ. "ಉಂತು ಮಾರಾಯಾ, ಯಾನ್ ಪನ್ಪೆ ಕೇನ್" (ನಿಲ್ಲು ಮಾರಾಯಾ, ನಾನು ಹೇಳುತ್ತೇನೆ ಕೇಳು) ಅಂತ ಒಬ್ಬನ ಕೈ ಹಿಡಿದು ನಿಲ್ಲಿಸಿದ್ದನ್ನು, ಆಮೇಲೆ ಪಾಠಪುಸ್ತಕದ ಕನ್ನಡದಲ್ಲಿ ಬರೆಯಲಿಕ್ಕೆ ಕೂತರೆ ಅವನಿಗೆ ಸಿಗುವುದು ಪ್ರಬಂಧದ ವಾಕ್ಯಗಳೇ. ಬರೆಯುವ ಕನ್ನಡ ಅವರಿಗೆ ಪರೀಕ್ಷೆಯ ಕನ್ನಡ. ಹಾಗಂತ ಕನ್ನಡ ಬಿಡಿ ಅಂತ ನಾನು ಹೇಳುವುದಿಲ್ಲ. ಈ ಊರಲ್ಲಿ ಕನ್ನಡ ಮೀಡಿಯಂಗೆ ಮಕ್ಕಳನ್ನು ಹಾಕುವವರೇ ಕಡಿಮೆ ಆಗುತ್ತಿದ್ದಾರೆ. ಮೊದಲು ಬಾಯಲ್ಲಿ ಹೇಳಲಿ, ಯಾವ ಭಾಷೆಯಾದರೂ ಆಗಲಿ. ಫೋನಲ್ಲಿ ರೆಕಾರ್ಡ್ ಮಾಡಿ. ಅದನ್ನೇ ಕೇಳಿಕೊಂಡು ಬರೆಯಲಿ. ನಡುವೆ ತುಳು ಮಾತು ಬಂದರೆ ಹಾಗೇ ಇರಲಿ, ಅದಕ್ಕೆ ಅಡಿಗೆರೆ ಎಳೆಯಬೇಡಿ.

ಮಾಯಿಪ್ಪಾಡಿ ಟ್ರೈನಿ:

ಟೀಚರ್, ನಾನು ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಟೀಚರ್ ಟ್ರೈನಿಂಗ್ ಮಾಡುತ್ತಿದ್ದೇನೆ. ಬರವಣಿಗೆಗಿಂತ ಮೊದಲು ಪಜಲ್ ಬದಲಾಯಿಸಿ ಅಂತ ನನ್ನ ಅಭಿಪ್ರಾಯ. ಸಂಕದ ಪಜಲ್ ಒಳ್ಳೇದೇ, ಆದರೆ ಅದನ್ನು ಒಬ್ಬನೇ ಬಿಡಿಸಬಹುದು. ಒಬ್ಬನೇ ಬಿಡಿಸಬಹುದಾದ್ದನ್ನು ನಾಲ್ಕು ಜನಕ್ಕೆ ಕೊಟ್ಟರೆ ಒಬ್ಬನೇ ಬಿಡಿಸುತ್ತಾನೆ, ಉಳಿದವರು ಬಸ್ಸು ನೋಡುತ್ತಾರೆ. ಒಟ್ಟಿಗೆ ಕೆಲಸವೇ ಆಗಿಲ್ಲ ಅಂದ ಮೇಲೆ ಅದರ ಬಗ್ಗೆ ಎಂತ ಬರೆಯುವುದು?

ಜಿಗ್ಸಾ ಅಂತ ಒಂದು ಕ್ರಮ ಉಂಟು. ಎಲಿಯಟ್ ಆರನ್‌ಸನ್ ಎಂಬ ಮನಃಶಾಸ್ತ್ರಜ್ಞರು 1971ರಲ್ಲಿ ಅಮೆರಿಕದ ಆಸ್ಟಿನ್ ಊರಿನ ಶಾಲೆಗಳಲ್ಲಿ ಶುರು ಮಾಡಿದ್ದು. ಅಲ್ಲಿ ಆಗಷ್ಟೇ ಕಪ್ಪು, ಬಿಳಿ ಮಕ್ಕಳನ್ನು ಒಂದೇ ಕ್ಲಾಸಿಗೆ ಸೇರಿಸಿದ್ದರು, ಕ್ಲಾಸಲ್ಲಿ ಭಾರೀ ಜಗಳ. ಅವರು ಮಾಡಿದ್ದೇನೆಂದರೆ ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟದ್ದು. ಪಕ್ಕದವನ ಮಾತು ಕೇಳದೆ ಪಾಠ ಪೂರ್ತಿ ಆಗುವುದೇ ಇಲ್ಲ.

ಪಜಲ್‌ಗೂ ಇದೇ ಮಾಡಬಹುದು. ನಾನು ಮಾಡಿದ ಒಂದು ಇಲ್ಲಿದೆ, ಬೇಕಾದವರು ತೆಗೆದುಕೊಳ್ಳಿ. ಕಾಸರಗೋಡಿನಿಂದ ಮಂಗಳೂರು ಕಡೆ ಹೋಗುವ ಬಸ್ಸು. ರಫೀಕ್, ಸುಮತಿ, ಜೋಸೆಫ್, ಜಯಂತಿ ನಾಲ್ಕು ಜನ. ಕುಂಬಳೆ, ಉಪ್ಪಳ, ಮಂಜೇಶ್ವರ, ತಲಪಾಡಿ, ಈ ನಾಲ್ಕು ಸ್ಟಾಪುಗಳಲ್ಲಿ ಇದೇ ಕ್ರಮದಲ್ಲಿ ಒಬ್ಬೊಬ್ಬರು ಇಳಿದರು. ಯಾರು ಎಲ್ಲಿ? ನಾಲ್ಕು ಚೀಟಿ, ಒಬ್ಬೊಬ್ಬರಿಗೆ ಒಂದು. ಒಂದರಲ್ಲಿ "ರಫೀಕ್ ಇಳಿದ ಮೇಲೆಯೇ ಜಯಂತಿ ಇಳಿದದ್ದು." ಇನ್ನೊಂದರಲ್ಲಿ "ಸುಮತಿ ಇಳಿದ ಮುಂದಿನ ಸ್ಟಾಪಲ್ಲೇ ಜೋಸೆಫ್ ಇಳಿದ." ಮೂರನೇದು "ಉಪ್ಪಳದಲ್ಲಿ ಇಳಿದದ್ದು ಹುಡುಗಿ." ನಾಲ್ಕನೇದು "ಮಂಜೇಶ್ವರದಲ್ಲಿ ಇಳಿದದ್ದು ಹುಡುಗ." ಚೀಟಿಯನ್ನು ಓದಿ ಹೇಳಬಹುದು, ಬೇರೆಯವರ ಕೈಗೆ ಕೊಡುವ ಹಾಗಿಲ್ಲ, ಮೇಜಿನ ಮೇಲೆ ಇಡುವ ಹಾಗೂ ಇಲ್ಲ.

ಇದರಲ್ಲಿ ಯಾವ ಚೀಟಿ ಬಿಟ್ಟರೂ ಒಂದಕ್ಕಿಂತ ಜಾಸ್ತಿ ಉತ್ತರ ಬರುತ್ತದೆ, ಹಾಗೆ ನೋಡಿಯೇ ಮಾಡಿದ್ದು. ಕೊನೆಯಲ್ಲಿ ಕೂತ ಆ ಹುಡುಗಿ ಎಷ್ಟು ಮೆಲ್ಲ ಮಾತಾಡಿದರೂ ಉಳಿದ ಮೂವರು ಅವಳ ಕಡೆ ತಿರುಗಲೇಬೇಕು. ಉತ್ತರ ಬಂದ ಮೇಲೆ "ನಿನ್ನ ಚೀಟಿ ಇಲ್ಲದಿದ್ದರೆ ಏನಾಗುತ್ತಿತ್ತು" ಅಂತ ಒಂದೇ ಪ್ರಶ್ನೆ ಕೇಳಿ. ಅದು ಗಣಿತವೂ ಆಯಿತು, ಗುಂಪಿನ ಬಗ್ಗೆ ಬರೆದಂತೆಯೂ ಆಯಿತು.

ಪೆರ್ಲದವ:

ಟೀಚರ್, 17 ಗೊತ್ತಾಯ್ತು, ಥ್ಯಾಂಕ್ಸ್. ಈಗ ನನ್ನ ಕಡೆಯಿಂದ ಒಂದು ತಕರಾರು. ಬರೆಸುವುದೇ ಯಾಕೆ? ಆಡಿದರು, ಬಿದ್ದರು, ಎದ್ದರು, ಮುಗಿಯಿತು. ನಾವು ಬೆಂಗಳೂರಿನ ಕಂಪನಿಯಲ್ಲಿ ವರ್ಷಕ್ಕೊಮ್ಮೆ ಇಂಥದ್ದೇ ಮಾಡುತ್ತೇವೆ. 20 ಸ್ಪಗೆಟ್ಟಿ ಕಡ್ಡಿ (ಬೇಯಿಸದ ಉದ್ದ ನೂಡಲ್ಸ್ ಥರದ್ದು), ಸ್ವಲ್ಪ ಟೇಪು, ಸ್ವಲ್ಪ ದಾರ, ಮಾರ್ಷ್‌ಮ್ಯಾಲೋ ಅನ್ನುವ ಒಂದು ಮೆತ್ತಗಿನ ಮಿಠಾಯಿ. 18 ನಿಮಿಷದಲ್ಲಿ ಗೋಪುರ ಕಟ್ಟಿ ಅದನ್ನು ತುದಿಯಲ್ಲಿ ನಿಲ್ಲಿಸಬೇಕು. ಟಾಮ್ ವುಜೆಕ್ ಅನ್ನುವವರು 2010ರಲ್ಲಿ ಇದರ ಬಗ್ಗೆ ಒಂದು ಭಾಷಣ ಮಾಡಿದ್ದರು. ಆಗಷ್ಟೇ ಎಂಬಿಎ ಮುಗಿಸಿದವರಿಗಿಂತ ಯುಕೆಜಿ ವಯಸ್ಸಿನ ಮಕ್ಕಳೇ ಎತ್ತರ ಕಟ್ಟುತ್ತಾರಂತೆ. ದೊಡ್ಡವರು ಲೀಡರ್ ಯಾರು, ಪ್ಲಾನ್ ಏನು ಅಂತಲೇ ಟೈಮ್ ಕಳೆದು, ಕೊನೇ ಗಳಿಗೆಯಲ್ಲಿ ಮಾರ್ಷ್‌ಮ್ಯಾಲೋ ಇಡುತ್ತಾರೆ, ಗೋಪುರ ಬಗ್ಗಿ ಬೀಳುತ್ತದೆ. ಮಕ್ಕಳು ಮೊದಲಿನಿಂದಲೇ ಇಟ್ಟು ನೋಡುತ್ತಾರೆ, ಬಿದ್ದರೆ ಬೇರೆ ಥರ ಕಟ್ಟುತ್ತಾರೆ.

ಆಟ ಮುಗಿದ ಮೇಲೆ ನಮ್ಮಿಂದಲೂ ಬರೆಸುತ್ತಾರೆ. ನಾವೂ ಟೀಮ್‌ವರ್ಕ್ ಅಂತ ಬರೆದು ಸಮೋಸ ತಿನ್ನಲಿಕ್ಕೆ ಹೋಗುತ್ತೇವೆ. ಏಳನೇ ಕ್ಲಾಸಿನವರನ್ನು ಮಾತ್ರ ಯಾಕೆ ಬೈಯುವುದು? ಹಿಡಿಸೂಡಿ ಕಡ್ಡಿ, ಬಾಳೆನಾರು ಕೊಡಿ, ತುದಿಯಲ್ಲಿ ಒಂದು ಲಿಂಬೆಹುಳಿ. ಸುಮ್ನೆ ಆಡಲಿ.

ನಿವೃತ್ತ ಮಾಷ್ಟ್ರು, ಬದಿಯಡ್ಕ:

ಪೆರ್ಲದವರೇ, ಕಡ್ಡಿ ಗೋಪುರಕ್ಕೆ ನಿಮ್ಮ ಮಾತು ಸರಿ. ಅಲ್ಲಿ ಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಬರೆಯಬೇಕಾಗಿಲ್ಲ. ಸಂಕದ್ದು ಹಾಗಲ್ಲ. ಅಣ್ಣನೇ ಟಾರ್ಚ್ ತರಬೇಕು ಅಂತ ನಿಮಗೆ ಯಾರೂ ಹೇಳಿರಲಿಲ್ಲ, ನೀವೇ ಹಾಕಿಕೊಂಡ ನಿಯಮ ಅದು. ಅದು ತಲೆಯೊಳಗೆ ಇತ್ತು ಅಂತಲೇ ನಿಮಗೆ ಗೊತ್ತಿರಲಿಲ್ಲ. ಎರಡು ಸಾಲು ಬರೆಸಿದರೆ ಮಗುವಿಗೆ ಅದು ಗೊತ್ತಾಗುತ್ತದೆ. ಅರ್ಧ ಪುಟ ಬೇಡ, ಅದಕ್ಕೆ ನನ್ನದೂ ಒಪ್ಪಿಗೆ ಉಂಟು.

ಹತ್ತನೇ ಬಿ:

ನಾನು ಹತ್ತನೇ ಕ್ಲಾಸು, ಉಪ್ಪಳದ ಕಡೆ. ಇಲ್ಲಿ ಬರೆದವರೆಲ್ಲ ದೊಡ್ಡವರು, ನಾನು ಹೇಳಬಹುದಾ ಗೊತ್ತಿಲ್ಲ. ಆ ಮೆಲ್ಲ ಮಾತಾಡುವ ಹುಡುಗಿಯ ಜಾಗದಲ್ಲಿ ನಾನು ತುಂಬಾ ಸಲ ಕೂತಿದ್ದೇನೆ, ಅದಕ್ಕೆ ಹೇಳುತ್ತೇನೆ.

ಅವಳು ನಿಜ ಬರೆಯದೇ ಇರುವುದು ಯಾಕೆ ಅಂದರೆ, ಆ ಪುಸ್ತಕವನ್ನು ಟೀಚರ್ ಮಾತ್ರ ಓದುವುದಿಲ್ಲ. ಹಂಚುವಾಗ ಲೀಡರ್ ಓದುತ್ತಾನೆ, ಬೆಂಚಲ್ಲಿ ಎಲ್ಲರೂ ಓದುತ್ತಾರೆ. ಕೆಲವು ಸಲ ಟೀಚರೇ ಚಂದ ಉಂಟು ಅಂತ ಜೋರಾಗಿ ಓದುತ್ತಾರೆ. "ನಾನು ಮೊದಲು ಹೇಳಿದ್ದೆ, ಅವರು ಕೇಳಲಿಲ್ಲ" ಅಂತ ಬರೆದರೆ ಸೋಮವಾರದಿಂದ ಆ ಬೆಂಚಲ್ಲಿ ಕೂರುವುದು ಕಷ್ಟ. ಬಿಡಿ ಹಾಳೆಯಲ್ಲಿ ಬರೆಸಿ ನೇರ ನಿಮ್ಮ ಕೈಗೆ ಕೊಡುವ ಹಾಗೆ ಮಾಡಿದರೆ ಬರೆದಾಳು.

ಮತ್ತೆ ಗುಂಪಲ್ಲಿ ಪೆನ್ನು ಯಾರ ಕೈಯಲ್ಲಿ ಉಂಟೋ ಅವರದ್ದೇ ಉತ್ತರ. ಎಂಟನೇಯಲ್ಲಿ ನಮಗಿದ್ದ ಗಣಿತದ ಸರ್ ಒಂದು ರೂಲ್ ಮಾಡಿದ್ದರು. ಪೆನ್ನು ಹಿಡಿದವರು ತಮ್ಮ ಐಡಿಯಾ ಹೇಳುವ ಹಾಗಿಲ್ಲ, ಬೇರೆಯವರು ಹೇಳಿದ್ದನ್ನು ಮಾತ್ರ ಬರೆಯಬೇಕು, ಪಕ್ಕದಲ್ಲಿ ಹೇಳಿದವರ ಹೆಸರಿನ ಮೊದಲ ಅಕ್ಷರ ಹಾಕಬೇಕು. ಸರ್ ಬೆಲ್ ಹೊಡೆದಾಗ ಪೆನ್ನು ಮುಂದಿನವರಿಗೆ. ಜೋರು ಮಾತಾಡುವ ಹುಡುಗರಿಗೆ ಮೊದಲ ದಿನ ಭಾರೀ ಸಿಟ್ಟು ಬಂದಿತ್ತು. ನನಗೆ ಮಜಾ ಬಂತು, ಸುಳ್ಳು ಯಾಕೆ ಹೇಳುವುದು.

ಇನ್ನೊಂದು, ಗುಂಪು ಬೇಡ ಅನ್ನುವವರೂ ಇರುತ್ತಾರೆ. ನನ್ನ ಗೆಳತಿ ಒಬ್ಬಳೇ ಕೂತರೆ ಮಾತ್ರ ಯೋಚನೆ ಬರುವುದು ಅನ್ನುತ್ತಾಳೆ. ಮೊದಲ ಐದು ನಿಮಿಷ ಯಾರೂ ಮಾತಾಡದೆ ಒಬ್ಬೊಬ್ಬರೇ ನೋಡಲಿ ಅಂತ ಬಿಟ್ಟರೆ ಅವಳಂಥವರಿಗೂ ಆಗುತ್ತದೆ.

ಕುಂಬಳೆ ಟೀಚರ್:

ಎಲ್ಲರಿಗೂ ಥ್ಯಾಂಕ್ಸ್. ಹತ್ತನೇ ಬಿ, ನೀನು ಬರೆದದ್ದನ್ನು ಎರಡೆರಡು ಸಲ ಓದಿದೆ ಮಗಾ. ಲೀಡರ್ ಪುಸ್ತಕ ಹಂಚುವ ವಿಷಯ ಯಾವ ಟ್ರೈನಿಂಗಿನಲ್ಲೂ ಯಾರೂ ಹೇಳಿರಲಿಲ್ಲ.

ಈ ಶುಕ್ರವಾರ ಬಸ್ಸಿನ ಚೀಟಿ ಕೊಡುತ್ತೇನೆ. ಮೊದಲ ಐದು ನಿಮಿಷ ಮಾತಿಲ್ಲ. ಬರೆಯಲಿಕ್ಕೆ ಬಿಡಿ ಹಾಳೆ, ಎರಡು ಪ್ರಶ್ನೆ, ಸಹಿ ಇಲ್ಲ. ರೆಕಾರ್ಡ್ ಮಾಡುವುದು ಸ್ವಲ್ಪ ಕಷ್ಟ, ಕ್ಲಾಸಿಗೆ ಫೋನ್ ತರಲಿಕ್ಕೆ ಹೆಡ್ ಮಾಷ್ಟ್ರನ್ನು ಕೇಳಬೇಕು. ಟ್ರೈನಿಯವರೇ, ಒಂದು ಡೌಟು. ನನ್ನ ಕ್ಲಾಸಿನಲ್ಲಿ ಇಬ್ಬರಿಗೆ ಕನ್ನಡ ಓದಲಿಕ್ಕೆ ಇನ್ನೂ ಕಷ್ಟ. ಚೀಟಿ ಓದಿ ಹೇಳಬೇಕಾದರೆ ಅವರು ಎಲ್ಲರ ಎದುರು ತಡವರಿಸಬೇಕಾಗುತ್ತದೆ. ಅದಕ್ಕೆ ಏನು ಮಾಡುವುದು?

ಮಾಯಿಪ್ಪಾಡಿ ಟ್ರೈನಿ:

ಅವರಿಬ್ಬರಿಗೆ ಮೂರನೇ ಅಥವಾ ನಾಲ್ಕನೇ ಚೀಟಿ ಕೊಡಿ ಟೀಚರ್, ಅವುಗಳನ್ನು ಚಿತ್ರದಲ್ಲೇ ಮಾಡಬಹುದು. ಬಸ್ ಸ್ಟಾಪಿನ ಬೋರ್ಡು, ಕೆಳಗೆ ಜಡೆ ಇರುವ ಹುಡುಗಿ, ಅಷ್ಟೇ ಸಾಕು. ಬೋರ್ಡಿನ ಊರಿನ ಹೆಸರು ದಿನಾ ನೋಡುವುದೇ, ಓದುತ್ತಾರೆ. ಉಳಿದ ಎರಡು ಚೀಟಿಗೂ ಒಂದೊಂದು ಚಿತ್ರ ಹಾಕಿಬಿಡಿ, ಇಲ್ಲದಿದ್ದರೆ ಚಿತ್ರ ಯಾರಿಗೆ ಯಾಕೆ ಅಂತ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.